ಇಂಟರ್‌ವ್ಯೂ ಮಾಡುವ ಮಾವ

ಮಾವನಿಗೆ ಜರ್ಮನ್ ಬರುತ್ತಿರಲಿಲ್ಲ. ಹಾಗಂತ ಸೊಸೆಯನ್ನು ಜರ್ಮನ್‌ನಲ್ಲಿ ಇಂಟರ್‌ವ್ಯೂ ಮಾಡಲು ಅದೇನೂ ಅಡ್ಡಿಯಾಗಲಿಲ್ಲ. ನೂಲಿನ ಗಿರಣಿಯಲ್ಲಿ ಕೆಲಸಕ್ಕೆ ಆಳು ಆರಿಸುತ್ತಿದ್ದವರು. ನಿವೃತ್ತಿಯ ಮೇಲೆ ಆರಿಸಲು ತರಕಾರಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಸೊಸೆ ಕಟ್ಟುಹಲ್ಲು ಮಾಡುವವಳು. ಜರ್ಮನ್ ಲ್ಯಾಬೊಂದು ವಿಡಿಯೊದಲ್ಲಿ ಮಾತಾಡಲು ಕರೆದಿತ್ತು. ಹಿಂದೆ ಎರಡು ಕಡೆ ನಾಲಿಗೆ ತೊಡರಿ ಕೆಲಸ ಕೈತಪ್ಪಿತ್ತು. ಅದಕ್ಕೇ ಜರ್ಮನ್ ಪಾಠದ ಪ್ರಶ್ನೆಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಮಾವನಿಗೆ ಬರೆದುಕೊಟ್ಟಿದ್ದಳು. ಮಾವ ಇಸ್ತ್ರಿ ಅಂಗಿ ತೊಟ್ಟು, ಊಟದ ಮೇಜಿನಾಚೆ ಕೂತು, ಅವನ್ನು ಗುಡುಗುವರು. ಸೊಸೆ ಬಾಗಿಲು ತಟ್ಟಿಯೇ ಒಳಬರಬೇಕು.

“ಇಖ್ ಮಾಖೆ ತ್ಸೇನೆ,” ಎನ್ನುವಳು ಅವಳು. ನಾನು ಹಲ್ಲು ಮಾಡುತ್ತೇನೆ. ಆಮೇಲೆ ಮೇಣ, ಅಚ್ಚು, ಉಜ್ಜುವುದು.

“ಸಾಕು. ಹೋಗಿ, ತಿಳಿಸ್ತೀವಿ.”

“ಏನು ತಪ್ಪಾಯ್ತು ಮಾವ?”

“ಅರ್ಥ ಆಗ್ಲಿಲ್ಲ. ಆದ್ರೆ ನಂಬಿಕೆ ಬರ್ಲಿಲ್ಲ. ಗಿರಣೀಲಿ ನಾನು ಮಾತು ಕೇಳ್ತಿರ್ಲಿಲ್ಲಮ್ಮ, ಮುಖ ನೋಡ್ತಿದ್ದೆ.”

“ಗಿರಣಿ ಮುಚ್ಚಿದ್ದು ಅದಕ್ಕೇನಾ?” ಅಡುಗೆಮನೆಯಿಂದ ಅತ್ತೆ ಕೇಳಿದರು.

ನಿಜವಾದ ಇಂಟರ್‌ವ್ಯೂ ದಿನ ಮಾವ ಕ್ಯಾಮೆರಾಗೆ ಕಾಣದಂತೆ ಪಕ್ಕದಲ್ಲೇ ಕೂತರು. ಲ್ಯಾಬಿನ ಯಜಮಾನ ಬೋಳುತಲೆಯ ಸೌಮ್ಯ ಮನುಷ್ಯ. ನಿಮ್ಮ ಕೆಲಸದ ಬಗ್ಗೆ ಹೇಳಿ ಅಂದ. ಸೊಸೆ ಬಾಯಿ ತೆರೆದಳು. ಮಾವ ಅಭ್ಯಾಸಬಲದಿಂದ ಹುಬ್ಬು ಗಂಟಿಕ್ಕಿದರು. ಬಾಯಿಪಾಠ ಮಾಡಿದ್ದೆಲ್ಲ ಮಂಗಮಾಯ.

ಯಜಮಾನ ಕಾದ. ಆಮೇಲೆ ನಿಧಾನವಾಗಿ, ತನ್ನ ಹಲ್ಲನ್ನು ತಟ್ಟಿ ತೋರಿಸಿ, ನೀವು ಮಾಡಿದ್ದು ಏನಾದರೂ ಹತ್ತಿರದಲ್ಲಿದೆಯೇ ಎಂದು ಕೇಳಿದ.

ಹತ್ತಿರದಲ್ಲಿ ಇದ್ದದ್ದು ಒಂದೇ. ಸೊಸೆ ಮಾವನ ಬಾಯಿ ನೋಡಿದಳು. ಮೊದಲ ಬಾರಿಗೆ ಮಾವನಿಗೆ ಜರ್ಮನ್ ಅರ್ಥವಾಯಿತು.

“ಮರ್ಯಾದೆ ಪ್ರಶ್ನೆ,” ಅವರು ಹಲ್ಲು ಕಚ್ಚಿ ಪಿಸುಗುಟ್ಟಿದರು.

“ನಂಗೆ ಕೆಲಸದ ಪ್ರಶ್ನೆ ಮಾವ.”

ಅತ್ತೆ ಆಗಲೇ ಬಟ್ಟಲಲ್ಲಿ ನೀರು ಹಿಡಿದು ನಿಂತಿದ್ದರು. ಮಾವ ಗೋಡೆಗೆ ಮುಖ ತಿರುಗಿಸಿ ಬಾಯಿಗೆ ಕೈ ಹಾಕಿದರು.

ಹಲ್ಲು ಕೈಗೆ ಬಂದದ್ದೇ ಸೊಸೆಯ ನಾಲಿಗೆ ಸಡಿಲವಾಯಿತು. ಇಲ್ಲಿ ಮೇಣ ಕೆತ್ತಿದೆ; ಈ ಕೋರೆಹಲ್ಲನ್ನು ಬೇಕೆಂದೇ ತುಸು ವಾರೆ ಕೂರಿಸಿದೆ, ಅವರ ಸ್ವಂತ ಹಲ್ಲೂ ಹೀಗೇ ಇತ್ತು, ಇಲ್ಲದಿದ್ದರೆ ನಕ್ಕಾಗ ಅವರು ಅವರಾಗಿರುತ್ತಿರಲಿಲ್ಲ. ತಪ್ಪುತಪ್ಪು ಜರ್ಮನ್, ತಡೆಯಿಲ್ಲದ ಜರ್ಮನ್. ಯಜಮಾನ ಕನ್ನಡಕ ತೆಗೆದು ಪರದೆಯ ಹತ್ತಿರ ಬಂದ. ಒಪ್ಪಂದದ ಪತ್ರ ಕಳಿಸುತ್ತೇನೆ ಅಂದ.

ಪರದೆ ಆರಿತು. ಮಾವ ಸೆಟೆದು ಕೂತು ಏನೋ ಗುಡುಗಿದರು. ಬರೀ ಗಾಳಿ ಬಂತು.

“ಅರ್ಥ ಆಗ್ಲಿಲ್ಲ ಮಾವ,” ಹಲ್ಲು ತೊಳೆದು ಕೊಡುತ್ತ ಸೊಸೆ ಅಂದಳು, “ಆದ್ರೆ ನಂಬಿಕೆ ಬಂತು.”

ಮಾವ ಹಲ್ಲು ಕೂರಿಸಿಕೊಂಡು ಕಾಲರ್ ನೆಟ್ಟಗೆ ಮಾಡಿಕೊಂಡರು.

“ಹೋಗಿ, ತಿಳಿಸ್ತೀವಿ, ಅಂದೆ.”