ಟಚಪ್ ಇಲ್ಲದ ಫೋಟೋ

ಲಾಲಿಗೆ ಎರಡು ಮುಖಗಳಿದ್ದವು. ಒಂದು ಕಡಬದ ಹತ್ತಿರದ ರಬ್ಬರ್ ತೋಟದ ಮನೆಯಲ್ಲಿ ಅವಳ ಜೊತೆಗೇ ಇರುವಂಥದ್ದು. ಇನ್ನೊಂದು ಪುತ್ತೂರಿನಲ್ಲಿ ಮಹೇಶ್ವರನ ಸ್ಟುಡಿಯೋದಲ್ಲಿ ತಯಾರಾಗಿ, ಲಕೋಟೆಯೊಳಗೆ ಕೂತು, ಗಂಡಿನ ಕಡೆಯವರ ಮನೆಗೆ ಹೋಗುವಂಥದ್ದು. ಮೊದಲನೆಯದರ ಎಡಗೆನ್ನೆಯಲ್ಲಿ ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಕಪ್ಪನೆಯ ಸುಟ್ಟ ಕಲೆ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಮಹೇಶ್ವರ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಅದನ್ನು ಮಾಯ ಮಾಡುತ್ತಿದ್ದ. ಅದಕ್ಕೆ ಟಚಪ್ ಎಂದು ಹೆಸರು.

ಕಲೆ ಆದದ್ದು ಅವಳು ಸಣ್ಣವಳಿದ್ದಾಗ. ರಬ್ಬರ್ ಹಾಲು ಹೆಪ್ಪುಗಟ್ಟಬೇಕಾದರೆ ಆಸಿಡ್ ಹಾಕಬೇಕು. ಅಪ್ಪ ವರ್ಗೀಸನ ಕೈಯಿಂದ ಬಾಟಲಿ ಜಾರಿ, ಕೆಳಗೆ ಕೂತು ಆಡುತ್ತಿದ್ದ ಮಗಳ ಮೇಲೆ ಚೆಲ್ಲಿತು. ಕೇರಳ ಬಿಟ್ಟು ಬಂದರೂ ಮಗಳನ್ನು ಮಲಯಾಳದಲ್ಲಿ ‘ಮೋಳೆ’ ಎಂದೇ ಕರೆಯುತ್ತಿದ್ದ ವರ್ಗೀಸ್ ಆ ದಿನದ ಬಗ್ಗೆ ಮತ್ತೆ ಬಾಯಿ ಬಿಟ್ಟವನಲ್ಲ. ಆದರೆ ಅವತ್ತಿನಿಂದ ಊಟಕ್ಕೆ ಅವಳ ಬಲಗಡೆಯೇ ಕೂರುತ್ತಿದ್ದ. ಜಾಗ ಇದ್ದರೂ ಎಡಗಡೆಗೆ ಬರುತ್ತಿರಲಿಲ್ಲ.

ಫೋಟೋ ಮೆಚ್ಚಿ ಬಂದವರು ಮುಖ ನೋಡಿ ಹಿಂದಿರುಗಿದ್ದು ಒಮ್ಮೆಯಲ್ಲ. ಕೊನೆಗೆ ನೆಲ್ಯಾಡಿಯಿಂದ ಬಂದ ಗಂಡಿನ ತಾಯಿ ಚಾ ಲೋಟವನ್ನೂ ಮುಟ್ಟದೆ, "ಫೋಟೋದ ಹುಡುಗಿ ಎಲ್ಲಿ?" ಎಂದು ಕೇಳಿಬಿಟ್ಟಳು. ಲಾಲಿಯ ಮೈಯೆಲ್ಲ ಉರಿದುಹೋಯಿತು. ಬೇಡ ಅನ್ನುವವರು ಅನ್ನಲಿ, ಅದನ್ನು ಮನೆತನಕ ಬಂದೇ ಅನ್ನಬೇಕೇ? ಮೋಸ ಮಾಡಿದವಳ ಹಾಗೆ ತಾನು ತಲೆ ತಗ್ಗಿಸಿ ನಿಲ್ಲಬೇಕೇ? ಇನ್ನು ಮುಂದೆ ಈ ಮನೆಯಿಂದ ಹೋಗುವುದು ತನ್ನ ಮುಖದ ಫೋಟೋವೇ, ಅದನ್ನು ತಾನೇ ತೆಗೆಯುವುದು ಎಂದು ಹಟ ಹಿಡಿದಳು.

ಮಸ್ಕತ್ತಿನಲ್ಲಿದ್ದ ಚಿಕ್ಕಪ್ಪ ಮಾಣಿ ರಜೆಗೆ ಬಂದಾಗ ಬಿಟ್ಟುಹೋದ ಕ್ಯಾಮರಾ ಕಪಾಟಿನಲ್ಲಿತ್ತು. ಒಂದರ ಕೆಳಗೊಂದು ಎರಡು ಕಣ್ಣಿನ ಪೆಟ್ಟಿಗೆ ಅದು. ನೆತ್ತಿಯ ಗಾಜಿನೊಳಗೆ ಬಗ್ಗಿ ನೋಡಬೇಕು. ಸಣ್ಣ ಕೊಕ್ಕೆ ಎಳೆದು ಬಟನ್ ಒತ್ತಿದರೆ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿ, ಆಮೇಲೆ ತಾನಾಗಿ ಕ್ಲಿಕ್ ಅನ್ನುತ್ತಿತ್ತು. ಅಷ್ಟರೊಳಗೆ ಓಡಿಹೋಗಿ ಎದುರು ನಿಲ್ಲಬೇಕು.

ಲಾಲಿ ಓಡಿದಳು. ಮೊದಲ ರೋಲಿನಲ್ಲಿ ಹಿಂದಿನ ಹಲಸಿನ ಮರದ ಎಲೆಗಳು ಎಣಿಸುವಷ್ಟು ಚೆಂದ ಬಂದಿದ್ದವು, ಮುಂದೆ ನಿಂತ ಅವಳು ಮಾತ್ರ ಗಂಜಿಯಲ್ಲಿ ಅದ್ದಿದ ಹಾಗಿದ್ದಳು. ಒಂದರಲ್ಲಂತೂ ಬರೀ ಬೆನ್ನು. ರೋಲ್ ತೊಳೆದುಕೊಟ್ಟ ಮಹೇಶ್ವರ ಹೊಟ್ಟೆ ಹಿಡಿದು ನಕ್ಕ. "ನೀವು ಅಲ್ಲಿ ಇಲ್ಲದಾಗ ಫೋಕಸ್ ಮಾಡುದು ಯಾರನ್ನು? ನಿಲ್ಲುವ ಜಾಗದಲ್ಲಿ ಎಂತಾದ್ರೂ ಇಡಿ ಮಾರಾಯ್ತಿ."

ಅವಳು ಒಂದು ಕೋಲು ನೆಟ್ಟು, ರಬ್ಬರ್ ಹಾಲು ಹಿಡಿಯುವ ತೆಂಗಿನ ಗೆರಟೆಯನ್ನು ತನ್ನ ಮೂಗಿನ ಎತ್ತರಕ್ಕೆ ಕಟ್ಟಿ, ಅದಕ್ಕೆ ಫೋಕಸ್ ಮಾಡಿದಳು. ಈ ಸಲ ಮುಖ ಸ್ಪಷ್ಟವಾಗಿಯೇ ಬಂತು, ಆದರೆ ಸೂರ್ಯ ಬೆನ್ನಿಗಿದ್ದ. ಕಲೆ ಹಾಗಿರಲಿ, ಕಣ್ಣು ಮೂಗೂ ಕಾಣದೆ ಮುಖ ಮಸಿಯಾಗಿತ್ತು.

ಮೂರನೆಯ ರೋಲ್ ತರುವಾಗ ಮಳೆಗಾಲ ಹಿಡಿದಿತ್ತು. ಮಳೆಗಾಲದಲ್ಲಿ ಆ ಮನೆಯವರು ತಂಡಿ ಹಿಡಿಯಬಾರದ ಯಾವುದನ್ನೇ ಆಗಲಿ, ಬೆಂಕಿಪೆಟ್ಟಿಗೆಯಿಂದ ರೇಷನ್ ಕಾರ್ಡಿನವರೆಗೆ, ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನಲ್ಲಿ ಇಡುತ್ತಿದ್ದರು. ಲಾಲಿಯೂ ಫಿಲ್ಮನ್ನು ಜೋಪಾನವಾಗಿ ಅಲ್ಲೇ ಇಟ್ಟಳು. ಬಿಸಿಲು ಬಂದ ಮೇಲೆ ತೆಗೆದ ಅಷ್ಟೂ ಫೋಟೋ ಬೂದಿ ಬಳಿದ ಹಾಗೆ ಬಂದವು. ಫಿಲ್ಮ್ ಇಟ್ಟ ಜಾಗ ತಿಳಿದು ಮಹೇಶ್ವರ ಹಣೆ ಚಚ್ಚಿಕೊಂಡ. "ಹೊಗೆಗೂಡಿನಲ್ಲಿ ಬಿಸಿ ಎಷ್ಟು ಉಂಟು! ಫಿಲ್ಮ್ ಎಂತ ಹಪ್ಪಳವಾ?"

ಲಾಲಿ ಬಸ್ಸಿನಲ್ಲಿ ಅತ್ತಳು. ಮನೆಗೆ ಬಂದು ಇನ್ನೊಂದು ರೋಲ್ ಹಾಕಿದಳು.

ದಾರಿ ಸಿಕ್ಕಿದ್ದು ಕೆಲಸದ ನಡುವೆ. ಒಂದು ಬೆಳಿಗ್ಗೆ, ಆಗಷ್ಟೆ ಒತ್ತಿದ ಶೀಟುಗಳನ್ನು ನೀರಿಳಿಯಲು ತಂತಿಗೆ ಹಾಕುತ್ತಿದ್ದಳು. ಹಸಿ ಶೀಟು ಹಾಲಿನಷ್ಟು ಬಿಳಿ. ಅವುಗಳಿಗೆ ಬಿದ್ದ ಬಿಸಿಲು ಮೆತ್ತಗಾಗಿ ಹಿಂದೆ ಬಂದು ಅವಳ ಕೈಯ ಮೇಲೆ ಬೀಳುತ್ತಿತ್ತು. ಎಲ್ಲೂ ಗಡಸು ನೆರಳಿಲ್ಲ. ಎರಡು ಶೀಟುಗಳ ನಡುವೆ ಕ್ಯಾಮರಾ ಇಟ್ಟಳು, ಗೆರಟೆಗೆ ಫೋಕಸ್ ಮಾಡಿದಳು, ಬಟನ್ ಒತ್ತಿ ಓಡಿಬಂದು, ಕೋಲು ಕಿತ್ತು ಅದೇ ಜಾಗದಲ್ಲಿ ನಿಂತಳು. ಮುಖವನ್ನು ಎತ್ತ ಕಡೆಗೂ ತಿರುಗಿಸದೆ ನೇರ ನೋಡಿದಳು. ಕ್ಲಿಕ್ ಆಯಿತು.

ಆ ರೋಲ್ ಕೊಟ್ಟು, ಮುಂದಿನ ವಾರ ಪ್ರಿಂಟ್ ತರಲು ಪುತ್ತೂರಿಗೆ ಹೋದಳು. ಫೋಟೋ ಅಂದರೆ ಫೋಟೋ! ಕಣ್ಣಿನ ರೆಪ್ಪೆ ಕೂಡ ಕಾಣುತ್ತಿತ್ತು. ಎಡಗೆನ್ನೆ ಮಾತ್ರ ಬೊಂಬೆಯ ಹಾಗೆ ನುಣ್ಣಗಿತ್ತು.

"ಇದು ಯಾರು?" ಲಾಲಿ ಪ್ರಿಂಟನ್ನು ಅವನ ಮುಖಕ್ಕೆ ಹಿಡಿದಳು. "ಟಚಪ್ ಮಾಡ್ಬೇಡಿ ಅಂತ ಹೇಳಿದ್ದೆ ಅಲ್ವಾ?"

ಮಹೇಶ್ವರ ಪೆಚ್ಚಾದ. "ನಾನೆಂತ ಮಾಡುದು? ನೀವು ಹೋದ ಮೇಲೆ ನಿಮ್ಮ ಅಪ್ಪ ಬಂದ್ರು. ಯಾವಾಗ್ಲೂ ಅವರೇ ಬಂದು ಹೇಳುದು. ಆ ಕಲೆ ಪೂರ್ತಿ ಹೋಗುವ ತನಕ ಇಲ್ಲೇ ಪಕ್ಕದಲ್ಲಿ ಕೂತಿರ್ತಾರೆ. ಕಣ್ಣಲ್ಲಿ ನೀರು ಬೇರೆ."

ಲಾಲಿ ಪ್ರಿಂಟನ್ನು ಮೇಜಿನ ಮೇಲೆ ಮಗುಚಿಟ್ಟಳು. ಅಪ್ಪ ತನ್ನ ಮುಖಕ್ಕೆ ನಾಚುತ್ತಾನೆ ಎಂದೇ ಇಷ್ಟು ವರ್ಷ ತಿಳಿದಿದ್ದಳು. ಅವನು ಅಳಿಸುತ್ತಿದ್ದದ್ದು ಬಾಟಲಿ ಜಾರಿಸಿದ ತನ್ನದೇ ಕೈಯನ್ನು.

"ಒರಸಿ," ಅಂದಳು. ಮಹೇಶ್ವರ ಹತ್ತಿಗೆ ಸ್ಪಿರಿಟ್ ಹಾಕಿ ನೆಗೆಟಿವ್ ಒರಸಿದ. ಪೆನ್ಸಿಲ್ ಹೋಯಿತು, ಹೊಸ ಪ್ರಿಂಟಿನಲ್ಲಿ ಲಾಲಿ ಬಂದಳು.

ಸಂಜೆ ವರ್ಗೀಸ್ ಶೀಟು ಒತ್ತುವ ಮೆಷಿನ್ ಹತ್ತಿರ ಇದ್ದ. ಅವಳು ಫೋಟೋ ಹಿಡಿದಳು. ಅವನು ಬೇಗ ಮುಖ ಆಚೆ ಮಾಡಿದ.

"ನೋಡಿ ಅಪ್ಪಚ್ಚಾ. ನನಗೆ ಈಗ ನೋವಿಲ್ಲ. ಯಾವತ್ತೋ ಹೋಗಿದೆ."

ವರ್ಗೀಸ್ ಲುಂಗಿಗೆ ಕೈ ಒರಸಿ ಫೋಟೋ ತೆಗೆದುಕೊಂಡ. ಹಿಂದೆ ಕೊಡಲೇ ಇಲ್ಲ. ಮುಂದಿನ ಸಂಬಂಧದವರಿಗೆ ಕಳಿಸಲು ಅವಳು ಇನ್ನೊಂದು ಪ್ರಿಂಟ್ ಹಾಕಿಸಬೇಕಾಯಿತು.

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ವರ್ಗೀಸ್ ಕ್ಯಾಮರಾ ತಾನೇ ಎತ್ತಿಕೊಂಡು ಬಂದ. "ನೀನು ಓಡುದು ಬೇಡ. ನಾನು ಒತ್ತುತ್ತೇನೆ, ಹೇಗೆಂತ ಹೇಳು."

ಅವಳು ಹೇಳಿಕೊಟ್ಟು, ಬಿಳಿ ಶೀಟುಗಳ ಎದುರು ಹೋಗಿ, ಅಪ್ಪನಿಗೆ ಕಷ್ಟವಾಗದಿರಲಿ ಎಂದು ಬಲಗೆನ್ನೆ ತೋರಿಸಿ ನಿಂತಳು. ವರ್ಗೀಸ್ ಬಗ್ಗಿ ಗಾಜಿನೊಳಗೆ ನೋಡಿದ.

"ಅದಲ್ಲ ಮೋಳೆ," ಅಂದ, ತಲೆ ಎತ್ತದೆ. "ಆಚೆ ಕೆನ್ನೆ."

ಅವಳು ತಿರುಗಿದಳು. ಕ್ಲಿಕ್ ಆಗಲು ಬಹಳ ಹೊತ್ತು ಹಿಡಿಯಿತು.