ಡುಮ್ಮನ ಗುರುತು

ತಮ್ಮನನ್ನು ಕರೆದೊಯ್ಯಲು ಪಕ್ಕದ ರಾಜ್ಯದಿಂದ ಪೊಲೀಸರು ಬಂದಿಳಿದರೆಂಬ ಸುದ್ದಿ ಕಿವಿಗೆ ಬಿದ್ದಾಗ ಅಕ್ಕ ತನ್ನ ಟೈಲರ್ ಅಂಗಡಿಯಲ್ಲಿ ಕೂತು ಯಾರದೋ ಕೋಟಿಗೆ ತೋಳು ಹಚ್ಚುತ್ತಿದ್ದಳು. ಗಾಬರಿಯಲ್ಲಿ ಎಡತೋಳನ್ನು ತಂದು ಬಲಕ್ಕೆ ಹಚ್ಚಿಬಿಟ್ಟಳು. ಇಷ್ಟು ವರ್ಷದ ಕಸುಬಿನಲ್ಲಿ ಅಂಥ ತಪ್ಪು ಅದೇ ಮೊದಲು.

ತಮ್ಮ ಲಾರಿ ಡ್ರೈವರ್. ಹಿಂದೊಮ್ಮೆ ಆ ರಾಜ್ಯದಲ್ಲಿ ಲಾರಿ ಹಿಂದಕ್ಕೆ ತೆಗೆಯುವಾಗ ಅಂಗಡಿಯೊಂದರ ಚಪ್ಪರ ಕೆಡವಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ. ಕೋರ್ಟಿನ ಮೊದಲ ವಾಯಿದೆಗೆ ಹೋಗಿ ಕೈಕಟ್ಟಿ ನಿಂತು ಬಂದ ಪುಣ್ಯಾತ್ಮ, ಎರಡನೆಯದನ್ನು ಮರೆತೇಬಿಟ್ಟ. ಇವನು ಮರೆತರೆ ಕೋರ್ಟು ಮರೆಯುತ್ತದೆಯೇ? ವಾರಂಟು ಹೊರಡಿಸಿ ಕಾದು ಕೂತಿತ್ತು. ಮೊನ್ನೆ ಲೈಸೆನ್ಸ್ ನವೀಕರಿಸಲು ಹೋದಾಗ ಗುಮಾಸ್ತ ಕಂಪ್ಯೂಟರಿನಲ್ಲಿ ಹೆಸರು ನೋಡಿ, ಇವನ ಮುಖ ನೋಡಿ, "ಸ್ವಲ್ಪ ಕೂತ್ಕೊಳ್ಳಿ" ಎಂದನಂತೆ. ಎಷ್ಟು ಮರ್ಯಾದೆ ಕೊಡ್ತಾರಪ್ಪ ಎಂದು ಇವನು ಕಾಲು ಚಾಚಿ ಕೂತನಂತೆ! ಆಮೇಲೆ ಬಂದವರು ಪೊಲೀಸರು. ಅಂದಿನಿಂದ ಊರಿನ ಠಾಣೆಯಲ್ಲೇ ಇದ್ದ.

ಅಮ್ಮ ತೀರಿಕೊಂಡಾಗ ಅವನು ಅಕ್ಕನ ಸೊಂಟ ಬಿಟ್ಟು ಇಳಿಯದ ಕೂಸು. ಈಗ ಮೀಸೆ ಬಂದಿದೆ, ಲಾರಿ ಓಡಿಸುತ್ತಾನೆ, ಸರಿ. ಆದರೆ ತಲೆನೋವು ಬಂದರೆ ಇವತ್ತಿಗೂ ಅಕ್ಕನೇ ಬೇಕು. ಅಂಥವನು ಕಂಡುಕೇಳದ ಊರಿನ ಜೈಲಿನಲ್ಲಿ ಒಬ್ಬನೇ ಹೇಗೆ ಮಲಗಿಯಾನು? ಹೇಗಾದರೂ ಮಾಡಿ ಅವನು ಇಲ್ಲೇ ಉಳಿಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಅಕ್ಕ ಓಡಿಹೋಗಿ ಕಂಡ ವಕೀಲಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದಳು. "ನೋಡಿ, ಇನ್ನೊಂದು ರಾಜ್ಯದ ಪೊಲೀಸ್ರು ಬಂದು ಜೀಪಿಗೆ ಹತ್ತಿಸ್ಕೊಂಡು ಹೋಗ್ಬಿಡೋ ಹಾಗಿಲ್ಲ. ಮೊದ್ಲು ಇಲ್ಲಿನ ಜಡ್ಜ್ ಮುಂದೆ ನಿಲ್ಲಿಸ್ಬೇಕು. ತಪ್ಪು ಮಾಡಿದ್ನಾ ಇಲ್ವಾ ಅಂತ ಇಲ್ಲಿ ಯಾರೂ ಕೇಳಲ್ಲ, ಅದು ಅಲ್ಲಿನ ಕೋರ್ಟಿನ ಕೆಲಸ. ವಾರಂಟ್ ಸರಿಯಾಗಿದ್ಯಾ, ಅದರಲ್ಲಿರೋ ಮನುಷ್ಯ ಇವನೇನಾ, ಇಷ್ಟೇ ನೋಡೋದು."

"ಇವನೇ ಅಲ್ವಾ ಮತ್ತೆ?"

"ಅಯ್ಯೋ, ಅದನ್ನ ಅವರು ತೋರಿಸ್ಲಿ! ನಾವ್ಯಾಕೆ ತೋರಿಸ್ಬೇಕು? ವಾರಂಟಲ್ಲಿ ಬರೀ ಹೆಸರಿದೆ, ಆ ಹೆಸರಿನವರು ಬೀದಿಗಿಬ್ಬರು ಸಿಗ್ತಾರೆ. ಫೋಟೋ ಮಸುಕು. ಉಳಿದಿದ್ದು 'ಉರುಫ್ ಡುಮ್ಮ' ಅನ್ನೋದೊಂದೇ. ನಿಮ್ಮ ತಮ್ಮ ಕಾಮಾಲೆ ಬಂದು ಎದ್ದ ಮೇಲೆ ಕಡ್ಡಿ ಆಗಿದಾನೆ. ನೀವು ಹಿಂದಿನ ಬೆಂಚಲ್ಲಿ ಕೂತು ಬಾಯಿಗೆ ಬೀಗ ಹಾಕ್ಕೊಳ್ಳಿ, ಸಾಕು."

"ಬೀಗ ಏನು ಬಂತು, ಹೊಲಿದೇ ಬಿಡ್ತೀನಿ" ಎಂದಳು ಅಕ್ಕ.

ಕೋರ್ಟಿನ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಪಕ್ಕದ ರಾಜ್ಯದಿಂದ ಬಂದಿದ್ದ ಹೆಡ್ ಕಾನ್‌ಸ್ಟೇಬಲ್ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಪ್ರಯಾಣದಲ್ಲಿ ಕಾಲು ಊದಿ ಬೂಟಿನ ದಾರ ಸಡಿಲಿಸಿದ್ದ. ಫೋಟೋವನ್ನೊಮ್ಮೆ, ಕಟಕಟೆಯಲ್ಲಿದ್ದವನನ್ನೊಮ್ಮೆ ನೋಡಿ ನೋಡಿ ಅವನ ಕತ್ತೇ ಸೋತಿತು.

"ಇವರೇನಾ?" ಎಂದರು ಜಡ್ಜ್.

"ಇರಬಹುದು ಸ್ವಾಮಿ. ಮೂಗು ಹಾಗೇ ಇದೆ."

"ಮೂಗು ನನಗೂ ಇದೆಯಲ್ರೀ."

ವಕೀಲಮ್ಮ ಎದ್ದು, "ಈ ದೇಹಕ್ಕೆ ಡುಮ್ಮ ಅಂತ ಯಾರು ಹೆಸರಿಡ್ತಾರೆ ಸ್ವಾಮಿ, ತಾವೇ ನೋಡಿ" ಎಂದಳು. ಕೋಣೆಯಲ್ಲಿ ನಗೆಯ ಸದ್ದು ಎದ್ದಿತು. ಜಡ್ಜ್ ಕನ್ನಡಕದ ಮೇಲಿಂದ ಬೆಂಚುಗಳತ್ತ ಕಣ್ಣಾಡಿಸಿ, "ಇವರ ಕಡೆಯವರು ಯಾರಾದರೂ ಬಂದಿದ್ದೀರಾ?" ಎಂದು ಕೇಳಿದರು.

ಅಕ್ಕ ತಲೆ ತಗ್ಗಿಸಿದಳು. ತಮ್ಮ ತನ್ನ ಕಡೆಗೇ ನೋಡುತ್ತಿದ್ದಾನೆಂದು ತಲೆ ಎತ್ತದೆಯೇ ಗೊತ್ತಾಯಿತು. ಆದರೂ ತುಟಿ ಬಿಚ್ಚಲಿಲ್ಲ. ಪರವಾಗಿಲ್ಲ ಕಂದಾ, ಇನ್ನು ಸ್ವಲ್ಪ ಹೊತ್ತು, ಆಮೇಲೆ ಮನೆಗೆ ಹೋಗೋಣ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಜಡ್ಜ್ ಪೆನ್ನು ತೆಗೆದುಕೊಂಡರು. ವಕೀಲಮ್ಮನ ಮುಖ ಅರಳಿತು. ಗೆದ್ದೆವಲ್ಲ ಎಂದು ಅಕ್ಕ ತಲೆ ಎತ್ತಿದಳು.

ಎತ್ತಬಾರದಿತ್ತು. ಠಾಣೆಯಲ್ಲಿ ಮಲಗೆದ್ದ ಅಂಗಿಯಲ್ಲೇ ನಿಂತಿದ್ದ ತಮ್ಮ. ಕಾಲರ್ ಅರ್ಧ ಒಳಗೆ ಮಡಚಿದೆ, ಮೇಲಿನ ಗುಂಡಿ ಕೆಳಗಿನ ತೂತಿಗೆ ಹೋಗಿದೆ, ಒಂದು ಕಡೆ ನಾಲ್ಕು ಬೆರಳಷ್ಟು ಅಂಗಿ ಜೋತಾಡುತ್ತಿದೆ. ಅವಳೇ ಅಳತೆ ತೆಗೆದು, ಅವಳೇ ಹೊಲಿದ ಅಂಗಿ! ಅಷ್ಟು ಜನರೆದುರು!

"ಲೋ ಡುಮ್ಮಾ! ದೊಡ್ಡೋರ ಮುಂದೆ ನಿಂತಿದೀಯ, ಗುಂಡಿ ನೆಟ್ಟಗೆ ಹಾಕ್ಕೊಳೋ!"

"ಹೂಂ ಅಕ್ಕಾ" ಎಂದು ತಮ್ಮ ತಕ್ಷಣ ಗುಂಡಿಗೆ ಕೈ ಹಾಕಿದ.

ವಕೀಲಮ್ಮ ಹಣೆಗೆ ಕೈ ಹಚ್ಚಿ ಕೂತುಬಿಟ್ಟಳು. ಹೆಡ್ ಕಾನ್‌ಸ್ಟೇಬಲ್ ಪಾಪ, ನಗುವುದೋ ಬಿಡುವುದೋ ತಿಳಿಯದೆ ಗೋಡೆ ನೋಡಿದ. ಜಡ್ಜ್ ಪೆನ್ನು ಕೆಳಗಿಟ್ಟು, "ನೀವು ಇವರಿಗೆ ಏನಾಗಬೇಕಮ್ಮ?" ಎಂದು ಮೆಲ್ಲಗೆ ಕೇಳಿದರು.

ಆಗಲೂ ಒಂದು ಸುಳ್ಳು ಹೇಳಬಹುದಿತ್ತು. ನೆರೆಮನೆಯವಳು ಅನ್ನಬಹುದಿತ್ತು. ಅಕ್ಕ ಎದ್ದು ನಿಂತಳು. "ಅಕ್ಕ ಸ್ವಾಮಿ. ಸಾಕಿದವಳೂ ನಾನೇ."

ಕರೆದೊಯ್ಯಲು ಅಪ್ಪಣೆಯಾಯಿತು. ಹೊರಗೆ ಜಗಲಿಯಲ್ಲಿ ಅಕ್ಕ ಬಾಯಿ ಬಾಯಿ ಬಡಿದುಕೊಂಡು ಅತ್ತಳು. "ನನ್ನ ಹಾಳು ಬಾಯಿಗೆ ಬೆಂಕಿ ಹಾಕ! ನಾನೇ ನಿನ್ನ ಹಿಡಿದುಕೊಟ್ಟೆನಲ್ಲೋ!"

"ಬಿಡಕ್ಕಾ. ಹೋಗಿ ಮುಗಿಸ್ಕೊಂಡು ಬಂದ್ರೆ ನಂಗೂ ನಿದ್ದೆ ಬರುತ್ತೆ." ತಮ್ಮ ಅಂಗಿಯ ಗುಂಡಿ ಮುಟ್ಟಿಕೊಂಡ. "ಆದ್ರೆ ಜಡ್ಜ್ ಕೇಳಿದಾಗ ನೀನು ತಲೆ ಬಗ್ಗಿಸ್ಬಿಟ್ಟೆ ನೋಡು, ನಾನು ಯಾರೋ ಅನ್ನೋ ಹಾಗೆ... ಆಗ ಹೆದರಿಕೆ ಆಯ್ತು. ಜೈಲಿಗೂ ಅಷ್ಟು ಹೆದರಿರ್ಲಿಲ್ಲ."

ಅಕ್ಕ ಅವನ ಕೆನ್ನೆ ಸವರಿ, ಅದೇ ಕೈಯಿಂದ ತನ್ನ ಕಣ್ಣೊರೆಸಿಕೊಂಡಳು.

ಹೆಡ್ ಕಾನ್‌ಸ್ಟೇಬಲ್ ಕಾಗದ ತೆರೆದು ಹತ್ತಿರ ಬಂದ. "ಸಣ್ಣ ಕೇಸು, ಅಲ್ಲಿ ಜಾಮೀನು ಸಿಗುತ್ತೆ. ಆದ್ರೆ ಯಾರಾದ್ರೂ ಮುಂದೆ ಬಂದು ನಿಲ್ಬೇಕು. ನಮ್ಮೂರಲ್ಲಿ ನಿನ್ನವರು ಅಂತ ಇದಾರೇನಪ್ಪ?"

ತಮ್ಮ ಇಲ್ಲವೆಂದು ತಲೆಯಾಡಿಸಿದ.

"ಇದಾರೆ, ಬರ್ಕೊಳ್ಳಿ" ಎಂದಳು ಅಕ್ಕ. "ನಾಳೆ ಬೆಳಿಗ್ಗೆ ನಿಮ್ಮ ಕೋರ್ಟಿನ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರ್ತಾರೆ." ಸೆರಗು ಬಿಗಿದುಕೊಂಡು, ನಿಮ್ಮೂರಿಗೆ ಬಸ್ಸು ಎಲ್ಲಿ ಸಿಗುತ್ತದೆಂದು ಅವನನ್ನೇ ಕೇಳಿದಳು.