ಅಡಿಗರ ಸಾಕ್ಷಿ

ತ್ರಾಸಿಯ ನಮ್ಮ ಹೋಟೆಲು ಬಿಟ್ಟು, ಮಲೇಷ್ಯಾದ ಪೆನಾಂಗಿನಲ್ಲಿ ಮಗಳ ಹತ್ತಿರ ಇರೋಣವೆಂದು ನಾವಿಬ್ಬರೂ ನಿವೃತ್ತಿ ವೀಸಾಕ್ಕೆ ಅರ್ಜಿ ಹಾಕಲು ಹೊರಟೆವು. ಗಂಡಹೆಂಡತಿಯೆಂಬುದಕ್ಕೆ ಮದುವೆಯ ಪ್ರಮಾಣಪತ್ರ ಬೇಕೆಂದರು. ಮೂವತ್ತೊಂಬತ್ತು ವರ್ಷದ ಹಿಂದೆ ಬಿಜೂರಿನ ನನ್ನ ತವರಿನ ಅಂಗಳದಲ್ಲಿ ಆದ ಮದುವೆಯನ್ನು ಯಾರೂ ನೋಂದಾಯಿಸಿರಲಿಲ್ಲ. ಈಗ ನೋಂದಾಯಿಸಲು ಆ ಮದುವೆಗೆ ಬಂದಿದ್ದ ಮೂವರು ಸಾಕ್ಷಿಗಳು ಬೇಕು. ಇಬ್ಬರು ಸಿಕ್ಕಿದರು, ಮೂರನೆಯವರಾಗಿ ಉಳಿದಿದ್ದವರು ಅಂದು ಅಡುಗೆ ಮಾಡಿದ್ದ ವೈಕುಂಠ ಅಡಿಗರೊಬ್ಬರೇ.

"ಧಾರೆ ಎರೆದದ್ದು ನೋಡಿದ್ದೀರಾ?" ನೋಂದಣಿ ಕಚೇರಿಯಲ್ಲಿ ಅಧಿಕಾರಿ ಅಡಿಗರನ್ನು ಕೇಳಿದರು.

"ನಾ ಕಂಡಿಲ್ಲೆ ಮರಾಯ್ರೆ. ಒಲಿ ಮುಂದೆ ಇದ್ದಿದ್ದೆ."

ನಮ್ಮ ಯಜಮಾನರು, "ಹ್ವಾಯ್ ಅಡಿಗ್ರೆ, ಹೂಂ ಅನ್ನಿ!" ಎಂದು ಪಿಸುಗುಟ್ಟಿದರು.

"ಸುಳ್ಳ್ ಎಂತಕ್ಕೆ? ಧಾರೆ ಮುಗ್ದದ್ದೇ ಈ ಮದ್ಮಗ ಪೇಟ ಸಮೇತ ಒಲಿ ಹತ್ರ ಬಂದದ್ದ್ ಕಂಡಿದೆ. 'ಹೆಣ್ಣ್ ಬೆಳಿಗ್ಗಿಂದ ಎಂತದೂ ತಿಂದಿಲ್ಲ, ಒಂದ್ ಹೋಳ್ಗಿ ಕಳ್ಸಿ, ನಾ ಹೇಳಿದ್ದಂದ್ ಹೇಳ್ಬೇಡಿ' ಅಂದ."

ಆ ಹೋಳಿಗೆ ಅಮ್ಮ ಕಳಿಸಿದ್ದೆಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಅಧಿಕಾರಿ ನಗುತ್ತ ಪುಸ್ತಕವನ್ನು ಅಡಿಗರತ್ತ ತಿರುಗಿಸಿದರು. "ಇಷ್ಟು ಸಾಕು. ಸೈನ್ ಹಾಕಿ."

ಹೊರಗೆ ಬಂದ ಮೇಲೆ ಇವರನ್ನು ಕೇಳಿದೆ. "ನಂಗ್ ಎಂತಕ್ಕೆ ಹೇಳ್ಲಿಲ್ಲ ನೀವ್?"

"ಆಗ ನಾಚ್ಕಿ ಆಯ್ತ್. ಮತ್ತೆ ಹೋಟ್ಲ್ ಕೆಲ್ಸದ್ ಗಡಿಬಿಡಿಲಿ ಮರ್ತೇ ಹೋಯ್ತ್," ಎಂದರು. ಅವರ ಕಿವಿ ಇನ್ನೂ ಕೆಂಪಾಗಿತ್ತು.